'ತೆಗೆಸಿಬಿಡಿ, ಏನಂತೆ?'

"ಕುತ್ತಿಗೇಲಿ ಗಂಟಾ? ತೆಗೆಸಿಬಿಡಿ. ದಿನಾ ಬೆಳಗ್ಗೆ ಒಂದು ಮಾತ್ರೆ ನುಂಗಿದರೆ ಆಯ್ತು, ಏನೂ ನಷ್ಟ ಇಲ್ಲ."

ಈ ಮಾತನ್ನು ಮದುವೆ ಮನೆಯಲ್ಲಿ ಕೇಳಿದ್ದೇನೆ, ರೈಲಿನಲ್ಲಿ ಕೇಳಿದ್ದೇನೆ, ಬಿಳಿ ಕೋಟು ಹಾಕಿದವರ ಬಾಯಲ್ಲೂ ಕೇಳಿದ್ದೇನೆ. ಹಲ್ಲು ಕೀಳಿಸುವುದಕ್ಕೂ ನಮ್ಮ ಜನ ಇಷ್ಟು ಸಲೀಸಾಗಿ ಸಲಹೆ ಕೊಡುವುದಿಲ್ಲ. ಇನ್ನೊಂದು ಸಲ ಯಾರಾದರೂ ನನ್ನೆದುರು ಹೀಗಂದರೆ ಜಗಳ ಗ್ಯಾರಂಟಿ. ಅದರ ಬದಲು ಇಲ್ಲೇ ಒಂದು ಸಲ ಪೂರ್ತಿ ಜಗಳ ಆಡಿಬಿಡೋಣ ಅಂತ ಕೂತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ತಗೊಂಡು ಬನ್ನಿ.

ನನ್ನ ಕಸುಬು ಸ್ಲೈಡ್ ನೋಡುವುದು. ಪೆಥಾಲಜಿಸ್ಟ್ ಅಂದರೆ ರಕ್ತ ತೆಗೆಯುವವರಾ ಅಂತ ನಮ್ಮ ಮಾವನವರೇ ಇನ್ನೂ ಕೇಳುತ್ತಾರೆ. ಅಲ್ಲ ಮಾವ, ನಿಮ್ಮ ಮೈಯಿಂದ ತೆಗೆದ ಚೂರನ್ನು ಮೇಣದಲ್ಲಿ ಹುದುಗಿಸಿ, ಕಾಗದಕ್ಕಿಂತ ತೆಳ್ಳಗೆ ಸೀಳಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡಿ, ಇದು ಇಂಥದ್ದು ಅಂತ ಹೆಸರು ಬರೆಯುವವನು ನಾನು. ಆ ಹೆಸರು ಬರೆಯುವ ಕೆಲಸದ ಬಗ್ಗೆಯೇ ಇವತ್ತಿನ ತಕರಾರು. ಸೂಜಿ ಪರೀಕ್ಷೆಯ ರಿಪೋರ್ಟಿನಲ್ಲಿ 'ಅನುಮಾನ' ಅಂತ ಬರೆದದ್ದನ್ನು ಮನೆಯವರು, ನೆಂಟರು, ಕೆಲವು ಸಲ ಡಾಕ್ಟರೂ ಸೇರಿಕೊಂಡು 'ಕ್ಯಾನ್ಸರ್' ಅಂತ ಓದಿ, ಇಡೀ ಥೈರಾಯ್ಡನ್ನೇ ಕಿತ್ತುಹಾಕಿಸುವ ರೂಢಿ ಇದೆಯಲ್ಲ, ಅದು ನಿಲ್ಲಬೇಕು.

ಮೊದಲು ಗಂಟಿನ ವಿಚಾರ. ಥೈರಾಯ್ಡ್ ಅಂದರೆ ಗಂಟಲ ಉಬ್ಬಿನ ಕೆಳಗೆ ಚಿಟ್ಟೆಯ ಹಾಗೆ ಎರಡು ರೆಕ್ಕೆ ಚಾಚಿ ಕೂತಿರುವ ಗ್ರಂಥಿ. ನಮ್ಮ ಅಜ್ಜಿಯರ ಕಾಲದಲ್ಲಿ ಗಳಗಂಡ ಅಂದರೆ ಕಣ್ಣಿಗೆ ಕಾಣುವ ಗಳಗಂಡ. ಮಲೆನಾಡಿನ ಕಡೆ ಅದನ್ನು ಹೊತ್ತುಕೊಂಡೇ ಎಂಬತ್ತು ದಾಟಿದವರಿದ್ದರು. ಈಗ ಕಣ್ಣಿಗೆ ಕಾಣುವ ಮೊದಲೇ ಅಲ್ಟ್ರಾಸೌಂಡಿಗೆ ಕಾಣುತ್ತೆ. ಸುಮ್ಮನೆ ದಾರಿಯಲ್ಲಿ ಹೋಗುವವರನ್ನು ಕರೆದು ಒಳ್ಳೆ ಮೆಷೀನಿನಲ್ಲಿ ಕುತ್ತಿಗೆ ನೋಡಿದರೆ 100ರಲ್ಲಿ 19ರಿಂದ 68 ಜನರಿಗೆ ಗಂಟು ಸಿಗುತ್ತೆ ಅಂತ ಬೇರೆಬೇರೆ ಅಧ್ಯಯನಗಳು ಹೇಳುತ್ತವೆ. ವಯಸ್ಸಾದಂತೆ ಜಾಸ್ತಿ, ಹೆಂಗಸರಲ್ಲಿ ಇನ್ನೂ ಜಾಸ್ತಿ. ಆ ಗಂಟುಗಳಲ್ಲಿ ಕ್ಯಾನ್ಸರ್ ಇರುವುದು ಸುಮಾರು 7ರಿಂದ 15 ಪ್ರತಿಶತ. ಆ ಕ್ಯಾನ್ಸರುಗಳಲ್ಲೂ ಬಹುಪಾಲು ನಿಧಾನದ ಜಾತಿಯವು. 1985ರಲ್ಲಿ ಫಿನ್ಲೆಂಡಿನಲ್ಲಿ ಬೇರೆಬೇರೆ ಕಾರಣಕ್ಕೆ ಸತ್ತ 101 ಜನರ ಥೈರಾಯ್ಡನ್ನು ತೆಳ್ಳಗೆ ಸೀಳಿ ನೋಡಿದರು. ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನರಲ್ಲಿ ಸಣ್ಣ ಸಣ್ಣ ಪ್ಯಾಪಿಲರಿ ಕ್ಯಾನ್ಸರ್ ಇತ್ತು! ಬದುಕಿದ್ದಾಗ ಅವರಿಗೆ ಅದರ ಗೊಡವೆಯೇ ಇರಲಿಲ್ಲ.

ಈ ಹಿನ್ನೆಲೆ ತಲೆಯಲ್ಲಿಟ್ಟುಕೊಂಡು ಸೂಜಿಯ ಕಡೆ ಬನ್ನಿ. ಎಫ್‌ಎನ್‌ಎಸಿ ಅಂತಾರೆ. ಸಣ್ಣ ಸೂಜಿ ಚುಚ್ಚಿ, ಗಂಟಿನಿಂದ ಒಂದಿಷ್ಟು ಜೀವಕೋಶ ಎಳೆದು, ಗಾಜಿನ ಮೇಲೆ ಬಳಿದು ನೋಡುವುದು. ಒಳ್ಳೆಯ ಪರೀಕ್ಷೆ, ಅಗ್ಗದ ಪರೀಕ್ಷೆ, ನಾನು ಅದರ ವಿರೋಧಿ ಖಂಡಿತ ಅಲ್ಲ. ಆದರೆ ಅದಕ್ಕೆ ಏನು ಗೊತ್ತಾಗುತ್ತೆ, ಏನು ಗೊತ್ತಾಗಲ್ಲ ಅನ್ನುವುದನ್ನು ರೋಗಿಗೆ ಯಾರೂ ಬಿಡಿಸಿ ಹೇಳುವುದಿಲ್ಲ. ಮಂಡಿಯಲ್ಲಿ ಅಕ್ಕಿ ಮೂಟೆಗೆ ಕೊಳವೆ ಚುಚ್ಚಿ ನಾಲ್ಕು ಕಾಳು ಅಂಗೈಗೆ ಹಾಕಿಕೊಂಡು ನೋಡುತ್ತಾರಲ್ಲ, ಹಾಗೆ. ಅಕ್ಕಿ ದಪ್ಪವೋ ಸಣ್ಣವೋ, ನುಚ್ಚು ಎಷ್ಟಿದೆ, ಮುಗ್ಗಲು ಹಿಡಿದಿದೆಯೋ, ಎಲ್ಲ ಗೊತ್ತಾಗುತ್ತೆ. ಮೂಟೆ ಎಲ್ಲಾದರೂ ಹರಿದು ಅಕ್ಕಿ ಹೊರಗೆ ಸುರೀತಿದೆಯೋ ಅಂತ ಆ ನಾಲ್ಕು ಕಾಳು ನೋಡಿ ಹೇಳಲಿಕ್ಕಾಗುತ್ತಾ? ಫಾಲಿಕ್ಯುಲರ್ ಜಾತಿಯ ಗಂಟುಗಳಲ್ಲಿ ಕ್ಯಾನ್ಸರ್ ಹೌದೋ ಅಲ್ಲವೋ ಅನ್ನುವುದು ನಿಂತಿರುವುದೇ ಮೂಟೆ ಹರಿದಿದೆಯೋ ಇಲ್ಲವೋ ಅನ್ನುವುದರ ಮೇಲೆ. ಅಂದರೆ ಗಂಟಿನ ಸುತ್ತಲಿನ ಕವಚವನ್ನೋ, ರಕ್ತನಾಳವನ್ನೋ ಜೀವಕೋಶಗಳು ಕೊರೆದುಕೊಂಡು ಹೋಗಿವೆಯೇ ಅಂತ. ಎಂಥ ಗುರುಗಳು ಕೂತು ನೋಡಿದರೂ ಸೂಜಿಯಲ್ಲಿ ಇದು ತಿಳಿಯುವುದಿಲ್ಲ.

ಅದಕ್ಕೇ 2007ರಲ್ಲಿ ಅಮೆರಿಕದ ಬೆಥೆಸ್ಡಾದಲ್ಲಿ ಸಭೆ ಸೇರಿ, ಥೈರಾಯ್ಡ್ ಸೂಜಿ ರಿಪೋರ್ಟುಗಳಿಗೆ ಒಂದರಿಂದ ಆರರವರೆಗೆ ದರ್ಜೆ ಮಾಡಿದರು. 2023ರಲ್ಲಿ ಅದರ ಮೂರನೇ ಆವೃತ್ತಿ ಬಂತು. ಅದರ ಪ್ರಕಾರ ನಾಲ್ಕನೇ ದರ್ಜೆಯ ಗಂಟು ಕೊನೆಗೆ ಕ್ಯಾನ್ಸರ್ ಆಗಿರುವ ಸಂಭವ ಸರಾಸರಿ 30 ಪ್ರತಿಶತ. ಐದನೆಯದಕ್ಕೆ 74, ಆರನೆಯದಕ್ಕೆ 97. ಇನ್ನೊಂದು ಸಲ ಓದಿ. ನಾಲ್ಕನೇ ದರ್ಜೆ ಅಂದರೆ ಹತ್ತರಲ್ಲಿ ಏಳು ಕ್ಯಾನ್ಸರ್ ಅಲ್ಲ! ಐದರಲ್ಲೂ ನಾಲ್ಕಕ್ಕೊಂದು ಅಲ್ಲ. ಆದರೆ ನಮ್ಮಲ್ಲಿ 'ಕೆಟಗರಿ ನಾಲ್ಕು' ಅಂದ ಕೂಡಲೇ ಸ್ಟೇಜ್ ನಾಲ್ಕು ಅಂತ ತಿಳಿದುಕೊಂಡು ಗೋಳೋ ಅಂತ ಅತ್ತವರನ್ನು ನಾನೇ ನೋಡಿದ್ದೇನೆ. ಕೌಂಟರಿನಲ್ಲಿ ಲಕೋಟೆ ಕೊಡುವ ಹುಡುಗ ಅದನ್ನೆಲ್ಲಿ ವಿವರಿಸುತ್ತಾನೆ ಪಾಪ.

ಈಗ ಆ 'ನಾಲ್ಕಕ್ಕೊಂದು' ಯಾರು ಅನ್ನುವ ಪ್ರಶ್ನೆ. ಅದರಲ್ಲಿ ಒಂದು ವಿಚಿತ್ರ ಗಿರಾಕಿ ಇದೆ. ಹಯಲಿನೈಸಿಂಗ್ ಟ್ರಾಬೆಕ್ಯುಲರ್ ಟ್ಯೂಮರ್ ಅಂತ ಹೆಸರು. ಹೆಸರು ಹೇಳುವಷ್ಟರಲ್ಲಿ ಬಸ್ಸು ಹೊರಟುಹೋಗುತ್ತೆ, ಎಚ್‌ಟಿಟಿ ಅನ್ನೋಣ. ಮೇಯೋ ಕ್ಲಿನಿಕ್ಕಿನ ಏಡನ್ ಕಾರ್ನಿ ಮತ್ತು ಸಂಗಡಿಗರು 1987ರಲ್ಲಿ ಇದನ್ನು ಪ್ರತ್ಯೇಕವಾಗಿ ಗುರುತಿಸಿ ವಿವರಿಸಿದರು. ಥೈರಾಯ್ಡಿನ ಗೆಡ್ಡೆಗಳಲ್ಲಿ ನೂರಕ್ಕೊಂದು ಕೂಡ ಇದಿರುವುದಿಲ್ಲ, ಅಷ್ಟು ಅಪರೂಪ. ಹೆಚ್ಚಾಗಿ ನಡುವಯಸ್ಸಿನ ಹೆಂಗಸರಲ್ಲಿ ಬರುತ್ತೆ. ಗುಂಡಗೆ, ಗಟ್ಟಿಯಾಗಿ, ತನ್ನ ಪಾಡಿಗೆ ತಾನು ಒಂದು ರೆಕ್ಕೆಯಲ್ಲಿ ಕೂತಿರುತ್ತೆ. ಕಾರ್ನಿಯವರೇ 2008ರಲ್ಲಿ ಇಂಥ 119 ರೋಗಿಗಳ ಲೆಕ್ಕ ಪ್ರಕಟಿಸಿದರು. ಬೇರೆ ಕಡೆ ಹರಡಿದ್ದು ಒಬ್ಬರಲ್ಲಿ ಮಾತ್ರ.

ಇಷ್ಟು ಸಾಧು ಗೆಡ್ಡೆಯಾದರೂ ಸೂಜಿಗೆ ಸಿಕ್ಕಾಗ ಅದರ ವೇಷವೇ ಬೇರೆ. ಪ್ಯಾಪಿಲರಿ ಕ್ಯಾನ್ಸರನ್ನು ನಾವು ಗುರುತಿಸುವುದು ಮುಖ್ಯವಾಗಿ ಜೀವಕೋಶದ ನ್ಯೂಕ್ಲಿಯಸ್ ನೋಡಿ. ಕಾಫಿ ಬೀಜದ ನಡುವಿನ ಗೀರಿನ ಹಾಗೆ ಅದರ ಮೇಲೆ ಉದ್ದಕ್ಕೆ ಒಂದು ಗೆರೆ, ಒಳಗೆ ಗುಳ್ಳೆ ಕೂತಂತೆ ಕಾಣುವ ತಗ್ಗು. ಎಚ್‌ಟಿಟಿಯಲ್ಲಿ ಈ ಎರಡೂ ಧಾರಾಳವಾಗಿ ಇರುತ್ತವೆ, ಎಷ್ಟೋ ಸಲ ನಿಜವಾದ ಕ್ಯಾನ್ಸರಿಗಿಂತ ಜಾಸ್ತಿ! ಜೊತೆಗೆ ಜೀವಕೋಶಗಳ ನಡುವೆ ಗುಲಾಬಿ ಬಣ್ಣದ ಅಂಟಿನಂಥ ವಸ್ತು. ಅದನ್ನು ನೋಡಿ 'ಅಮಿಲಾಯ್ಡ್' ಅಂತ ತಿಳಿದರೆ ಮೆಡ್ಯುಲರಿ ಕ್ಯಾನ್ಸರ್ ಅನ್ನುವ ಇನ್ನೊಂದು ಗುಂಡಿಗೆ ಬಿದ್ದಂತೆ. ಹೀಗಾಗಿ ಸೂಜಿ ರಿಪೋರ್ಟಿನಲ್ಲಿ 'ಪ್ಯಾಪಿಲರಿ ಕಾರ್ಸಿನೋಮ ಅನುಮಾನ' ಅಂತ ಬರುವುದು ಈ ಗೆಡ್ಡೆಯ ಮಟ್ಟಿಗೆ ಮಾಮೂಲು. ಬರೆದವರನ್ನು ನಾನು ಬೈಯುವುದಿಲ್ಲ. ಗಾಜಿನ ಮೇಲಿದ್ದದ್ದೇ ಹಾಗೆ. ನನ್ನ ಬೈಗುಳ ಏನಿದ್ದರೂ ಅದರ ಮುಂದೆ ನಡೆಯುವುದಕ್ಕೆ.

ಒಂದು ಉದಾಹರಣೆ ಹೇಳುತ್ತೇನೆ. ಊರು, ಹೆಸರು, ಆಸ್ಪತ್ರೆ ಯಾವುದೂ ಕೇಳಬೇಡಿ. ಪ್ರೈಮರಿ ಸ್ಕೂಲಿನ ಟೀಚರ್ ಒಬ್ಬರು, ನಲವತ್ತೈದು ದಾಟಿದವರು. ಯಾವುದೋ ಹೆಲ್ತ್ ಪ್ಯಾಕೇಜಿನ ಜೊತೆ ಕುತ್ತಿಗೆ ಸ್ಕ್ಯಾನೂ ಇತ್ತು, ಮಾಡಿಸಿದರು. ಬಲರೆಕ್ಕೆಯಲ್ಲಿ ಎರಡು ಸೆಂಟಿಮೀಟರಿಗೂ ಕಮ್ಮಿ ಗಂಟು. ಸ್ಕ್ಯಾನಿನಲ್ಲಿ ಸುತ್ತಮುತ್ತ ಯಾವ ಗಡ್ಡೆಯೂ ಇಲ್ಲ, ಎಡರೆಕ್ಕೆ ಶುದ್ಧ. ಸೂಜಿ ರಿಪೋರ್ಟು ಐದನೇ ದರ್ಜೆ. ಎಂಟನೇ ದಿನಕ್ಕೆ ಎರಡೂ ರೆಕ್ಕೆ ತೆಗೆದಾಗಿತ್ತು. ಇರಲಿ ಅಂತ ಮಧ್ಯದ ಲಿಂಫ್ ಗ್ರಂಥಿಗಳನ್ನೂ ತೆಗೆದಿದ್ದರು. ಆಮೇಲೆ ಪೂರ್ತಿ ಗೆಡ್ಡೆಯ ರಿಪೋರ್ಟು ಬಂತು, ಎಚ್‌ಟಿಟಿ. ಖಾತ್ರಿ ಮಾಡಿಕೊಳ್ಳಲು ಮೇಣದ ಬ್ಲಾಕುಗಳನ್ನು ಡಬ್ಬಿಯಲ್ಲಿ ಹಾಕಿಕೊಂಡು ನನ್ನ ಹತ್ತಿರ ಬಂದರು.

ಇಲ್ಲಿ ಸ್ವಲ್ಪ ನಮ್ಮ ಕಸುಬಿನ ಖುಷಿಯ ವಿಷಯ ಹೇಳಿಬಿಡುತ್ತೇನೆ. ಜೀವಕೋಶ ಎಷ್ಟು ಬೇಗ ಬೆಳೆಯುತ್ತಿದೆ ಅಂತ ನೋಡಲು ಕೆಐ-67 ಅನ್ನುವ ಬಣ್ಣದ ಪರೀಕ್ಷೆ ಇದೆ. ಥೈರಾಯ್ಡಿನ ಬೇರೆ ಗೆಡ್ಡೆಗಳಲ್ಲಿ ಅದು ಹಿಡಿಯುವುದು ನ್ಯೂಕ್ಲಿಯಸ್ಸಿಗೆ. ಎಚ್‌ಟಿಟಿಯಲ್ಲಿ ಮಾತ್ರ ಜೀವಕೋಶದ ಹೊರಗೆರೆಗೆ ಹಿಡಿಯುತ್ತೆ, ರಂಗೋಲಿಯ ಅಂಚಿನ ಹಾಗೆ. ಆದರೆ ಅದಕ್ಕೆ ಎಂಐಬಿ-1 ಅನ್ನುವ ಕ್ಲೋನೇ ಬೇಕು. ಬಣ್ಣ ಹಾಕುವುದೂ ಕೋಣೆಯ ಉಷ್ಣತೆಯಲ್ಲೇ ಆಗಬೇಕು. ಬೇರೆ ಕ್ಲೋನ್ ತಂದು, ಬಿಸಿ ಮಾಡುವ ಮೆಷೀನಿಗೆ ಹಾಕಿ, 'ಏನೂ ಬರಲಿಲ್ಲ' ಅಂದರೆ ಅದು ಗೆಡ್ಡೆಯ ತಪ್ಪಲ್ಲ. ಈಚೆಗೆ 2019ರಲ್ಲಿ ಇದರ ಜೀನ್ ಗುಟ್ಟೂ ಹೊರಬಿತ್ತು. ಪ್ಯಾಕ್ಸ್8 ಮತ್ತು ಗ್ಲಿಸ್3 ಅನ್ನುವ ಎರಡು ಜೀನುಗಳು ಬೆಸೆದುಕೊಂಡಿರುವುದು ಹೆಚ್ಚುಕಮ್ಮಿ ಎಲ್ಲ ಎಚ್‌ಟಿಟಿಯಲ್ಲೂ ಸಿಗುತ್ತೆ, ಪ್ಯಾಪಿಲರಿ ಕ್ಯಾನ್ಸರಿನಲ್ಲಿ ಸಾಮಾನ್ಯವಾದ ಬಿ-ರಾಫ್ ಬದಲಾವಣೆ ಸಿಗುವುದಿಲ್ಲ. ಟೀಚರ್ ತಂದ ಬ್ಲಾಕಿನಲ್ಲಿ ಹೊರಗೆರೆ ಚೆನ್ನಾಗಿಯೇ ಮೂಡಿತು. ಕ್ಯಾಲ್ಸಿಟೋನಿನ್ ಬಣ್ಣ ಹಿಡಿಯಲಿಲ್ಲ, ಥೈರೋಗ್ಲಾಬುಲಿನ್ ಹಿಡಿಯಿತು. ಅಂದರೆ ಮೆಡ್ಯುಲರಿಯೂ ಅಲ್ಲ.

"ಪುಣ್ಯ ಅಲ್ವಾ ಸಾರ್, ಕ್ಯಾನ್ಸರ್ ಇರಲಿಲ್ಲ" ಅಂದರು ಜೊತೆಗೆ ಬಂದ ಅವರ ಯಜಮಾನರು. ಟೀಚರ್ ಏನೂ ಅನ್ನಲಿಲ್ಲ. ಅನ್ನಲಿಕ್ಕೆ ಧ್ವನಿ ಸರಿಯಾಗಿ ಹೊರಡುತ್ತಿರಲಿಲ್ಲ. ಒಂದನೇ ಕ್ಲಾಸಿನ ನಲವತ್ತು ಮಕ್ಕಳಿಗೆ ಕಾಗುಣಿತ ಹೇಳಿಕೊಡಬೇಕಾದ ಗಂಟಲು ಅದು. ಬೆರಳ ತುದಿ ಜೋಮು ಹಿಡಿಯುತ್ತೆ ಅಂತ ಕೈ ಹಿಸುಕಿಕೊಳ್ಳುತ್ತಿದ್ದರು. ದಿನಕ್ಕೆ ಮೂರು ಹೊತ್ತು ಕ್ಯಾಲ್ಸಿಯಂ, ಬೆಳಗ್ಗೆ ಖಾಲಿ ಹೊಟ್ಟೆಗೆ ಥೈರಾಕ್ಸಿನ್, ಅದೂ ಜೀವನಪೂರ್ತಿ. ಥೈರಾಯ್ಡ್ ಮಾತ್ರೆ ನುಂಗಿ ಅರ್ಧ ಮುಕ್ಕಾಲು ಗಂಟೆ ಕಾಫಿ ಕುಡಿಯುವಂತಿಲ್ಲ, ಕ್ಯಾಲ್ಸಿಯಂ ಮಾತ್ರೆಯನ್ನು ಅದರ ಹತ್ತಿರಕ್ಕೇ ತರುವಂತಿಲ್ಲ, ನಾಲ್ಕು ಗಂಟೆ ಅಂತರ ಬೇಕು. ಇದರಲ್ಲಿ ಪುಣ್ಯ ಯಾವುದು ಸ್ವಾಮೀ?

'ಏನೂ ನಷ್ಟ ಇಲ್ಲ' ಅನ್ನುವವರಿಗೆ ಒಂದು ಲೆಕ್ಕ. ದಕ್ಷಿಣ ಕೊರಿಯಾದಲ್ಲಿ ಥೈರಾಯ್ಡ್ ಆಪರೇಷನ್ ಮಾಡಿಸಿಕೊಂಡ 15,000ಕ್ಕೂ ಹೆಚ್ಚು ಜನರ ವಿಮೆ ದಾಖಲೆ ತೆಗೆದು ನೋಡಿದಾಗ, 11 ಪ್ರತಿಶತ ಜನರಿಗೆ ಪ್ಯಾರಾಥೈರಾಯ್ಡ್ ಕೆಟ್ಟು ಕ್ಯಾಲ್ಸಿಯಂ ತೊಂದರೆ ಬಂದಿತ್ತು, 2 ಪ್ರತಿಶತ ಜನರಿಗೆ ಧ್ವನಿತಂತು ಸೋತಿತ್ತು. ಪ್ಯಾರಾಥೈರಾಯ್ಡ್ ಅನ್ನುವುದು ಥೈರಾಯ್ಡಿನ ಬೆನ್ನಿಗೆ ಅಂಟಿಕೊಂಡ ಅಕ್ಕಿಕಾಳಿನಂಥ ನಾಲ್ಕು ಗ್ರಂಥಿ. ಒಂದು ರೆಕ್ಕೆ ಮಾತ್ರ ತೆಗೆದರೆ ಇನ್ನೊಂದು ಬದಿಯ ಎರಡು ಉಳಿಯುತ್ತವೆ, ಇನ್ನೊಂದು ಬದಿಯ ಧ್ವನಿ ನರವನ್ನು ಯಾರೂ ಮುಟ್ಟುವುದೇ ಇಲ್ಲ, ಬಹಳ ಜನರಿಗೆ ಮಾತ್ರೆಯೂ ಬೇಕಾಗುವುದಿಲ್ಲ. ಎರಡೂ ತೆಗೆದರೆ ಈ ಮೂರೂ ಅನುಕೂಲ ಹೋಯಿತು.

ಕೊರಿಯಾದ ಪೂರ್ತಿ ಕಥೆ ಕೇಳಿದರೆ ನಮ್ಮ ಪ್ಯಾಕೇಜುಗಳ ಭವಿಷ್ಯ ಕಾಣುತ್ತೆ. 1999ರಲ್ಲಿ ಅಲ್ಲಿನ ಸರ್ಕಾರ ಕ್ಯಾನ್ಸರ್ ತಪಾಸಣೆ ಕಾರ್ಯಕ್ರಮ ಶುರು ಮಾಡಿತು. ಥೈರಾಯ್ಡ್ ಅದರಲ್ಲಿ ಇರಲೇ ಇಲ್ಲ. ಆಸ್ಪತ್ರೆಗಳು 'ಹೇಗೂ ಬಂದಿದ್ದೀರಿ, ಸ್ವಲ್ಪ ದುಡ್ಡು ಸೇರಿಸಿದರೆ ಕುತ್ತಿಗೆಯನ್ನೂ ನೋಡ್ತೀವಿ' ಅಂದವು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವ ದರ 1993ಕ್ಕಿಂತ 15 ಪಟ್ಟು ಆಗಿತ್ತು. ಅದರಿಂದ ಸಾಯುವವರ ಸಂಖ್ಯೆ? ಇದ್ದಲ್ಲೇ ಇತ್ತು. 15 ಪಟ್ಟು ರೋಗ ಹಿಡಿದು ಹಾಕಿ, ಸಾವು ಒಂದೂ ತಪ್ಪದಿದ್ದರೆ ಹಿಡಿದದ್ದು ಏನನ್ನು? 2014ರಲ್ಲಿ ಅಲ್ಲಿನ ಕೆಲವು ಡಾಕ್ಟರುಗಳೇ ಬಹಿರಂಗವಾಗಿ ಇದನ್ನು ಪ್ರಶ್ನಿಸಿದರು. ಒಂದೇ ವರ್ಷದಲ್ಲಿ ಆಪರೇಷನ್ನುಗಳು ಮೂರನೇ ಒಂದು ಭಾಗದಷ್ಟು ಇಳಿದವು. ಡಾಕ್ಟರುಗಳು ಬಾಯಿಬಿಟ್ಟರೆ ಜನ ಕೇಳುತ್ತಾರೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಇನ್ನು ಹೆಸರಿನ ವಿಷಯ. ಕವಚದೊಳಗೇ ಇರುವ, ಎಲ್ಲೂ ಹೊರಗೆ ನುಗ್ಗದ, ಆದರೆ ನ್ಯೂಕ್ಲಿಯಸ್ ಮಾತ್ರ ಪ್ಯಾಪಿಲರಿಯ ಹಾಗೆ ಕಾಣುವ ಇನ್ನೊಂದು ಗೆಡ್ಡೆ ಇದೆ. ಅದಕ್ಕೆ ಮೊದಲು 'ಕಾರ್ಸಿನೋಮ' ಅಂತಲೇ ಕರೆಯುತ್ತಿದ್ದರು. ಪಿಟ್ಸ್‌ಬರ್ಗಿನ ಯೂರಿ ನಿಕಿಫೊರೊವ್ ನೇತೃತ್ವದಲ್ಲಿ ಏಳು ದೇಶಗಳ ಪೆಥಾಲಜಿಸ್ಟುಗಳು ಸೇರಿ, ಇಂಥ 109 ಜನರ ಹಳೆಯ ಸ್ಲೈಡುಗಳನ್ನು ಹೊರತೆಗೆದು ಕೂತರು. 10ರಿಂದ 26 ವರ್ಷ ಕಳೆದಿತ್ತು, ವಿಕಿರಣ ಅಯೋಡಿನ್ ಯಾರಿಗೂ ಕೊಟ್ಟಿರಲಿಲ್ಲ. 109 ಜನರೂ ಬದುಕಿದ್ದರು, ರೋಗದ ಸುಳಿವೂ ಇರಲಿಲ್ಲ. 2016ರಲ್ಲಿ ಆ ಗೆಡ್ಡೆಯ ಹೆಸರಿನಿಂದ 'ಕಾರ್ಸಿನೋಮ' ಅನ್ನುವ ಪದವನ್ನೇ ಕಿತ್ತುಹಾಕಿ ನಿಫ್ಟ್‌ಪಿ ಅಂತ ಹೊಸ ಹೆಸರಿಟ್ಟರು. ಜಗತ್ತಿನಲ್ಲಿ ವರ್ಷಕ್ಕೆ 45,000 ಜನರ ಮೇಲಿನ ಕ್ಯಾನ್ಸರ್ ಹಣೆಪಟ್ಟಿ ಇದರಿಂದ ಹೋಗುತ್ತೆ ಅಂತ ಅವರ ಅಂದಾಜು. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರ್ಗೀಕರಣದಲ್ಲಿ ಇದೂ ಎಚ್‌ಟಿಟಿಯೂ ಒಂದೇ ಪಂಕ್ತಿಯಲ್ಲಿ, 'ಕಡಿಮೆ ಅಪಾಯದ ಗೆಡ್ಡೆ' ಅನ್ನುವ ಎಲೆ ಮುಂದೆ ಕೂತಿವೆ.

ಹೆಸರು ಬದಲಾದರೆ ಏನಾಗುತ್ತೆ ಅಂತ ಕೇಳಬಹುದು. ನಮ್ಮ ಮನೆಗಳಲ್ಲಿ ಆ ಪದ ಏನು ಮಾಡುತ್ತೆ ಅಂತ ನಿಮಗೆ ಗೊತ್ತಿಲ್ಲವಾ? ಮಗಳ ಮದುವೆ ಮಾತುಕತೆಯಲ್ಲಿ 'ತಾಯಿಗೆ ಕ್ಯಾನ್ಸರ್ ಆಗಿತ್ತಂತೆ' ಅಂತ ಪಿಸುಗುಟ್ಟುತ್ತಾರೆ. ಇನ್ಶೂರೆನ್ಸ್ ಫಾರಂ ತುಂಬಿಸುವಾಗ ಆ ಒಂದು ಕಾಲಂ ಜೀವನಪೂರ್ತಿ ಬೆನ್ನು ಬಿಡುವುದಿಲ್ಲ. ವರ್ಷ ವರ್ಷ ಸ್ಕ್ಯಾನ್ ಮಾಡಿಸುವ ಹಿಂದಿನ ರಾತ್ರಿ ನಿದ್ದೆ ಇಲ್ಲ. ಗೆಡ್ಡೆ ಮಾಡದ ಕೆಲಸವನ್ನು ಆ ಪದ ಮಾಡಿ ಮುಗಿಸುತ್ತೆ.

ಆದರೆ ಈ ಹೊಸ ಹೆಸರು ಕೊಡಲು ಒಂದು ಷರತ್ತಿದೆ. ಗೆಡ್ಡೆಯ ಕವಚವನ್ನು ಸುತ್ತ ಪೂರ್ತಿ ಕತ್ತರಿಸಿ, ಎಲ್ಲವನ್ನೂ ಬ್ಲಾಕ್ ಮಾಡಿ ನೋಡಿರಬೇಕು. ಎಲ್ಲೂ ಹರಿದಿಲ್ಲ ಅಂತ ಖಾತ್ರಿ ಆಗಬೇಕಲ್ಲ. ಇಲ್ಲಿ ನಮ್ಮವರಿಗೂ ಎರಡು ಮಾತು. ನಿಂಬೆಹಣ್ಣಿನ ಗಾತ್ರದ ಗೆಡ್ಡೆಯಿಂದ ಎರಡು ತುಂಡು ತೆಗೆದು ಬ್ಲಾಕ್ ಮಾಡಿ, ಉಳಿದದ್ದನ್ನು ಫಾರ್ಮಲಿನ್ನಿನಲ್ಲಿ ಬಿಟ್ಟು, ರಿಪೋರ್ಟು ಟೈಪ್ ಮಾಡಿ ಕಳಿಸುವ ಲ್ಯಾಬುಗಳಿವೆ. ಮೇಣ ಉಳಿಯಿತು, ಗಾಜು ಉಳಿಯಿತು, ಟೆಕ್ನೀಶಿಯನ್ನನ ಒಂದು ಗಂಟೆ ಉಳಿಯಿತು. ಅಂಥ ರಿಪೋರ್ಟಿನ ಮೇಲೆ 'ಕ್ಯಾನ್ಸರ್' ಅಂದರೂ ನಾನು ನಂಬುವುದಿಲ್ಲ, 'ಅಲ್ಲ' ಅಂದರೂ ನಂಬುವುದಿಲ್ಲ. ಇನ್ನೊಂದು ತಮಾಷೆ ಕೇಳಿ. ಸೂಜಿ ಚುಚ್ಚಿದ್ದರಿಂದಲೇ ಒಳಗೆ ರಕ್ತ ಹೆಪ್ಪುಗಟ್ಟಿ, ಗಾಯ ಮಾಯುವಾಗ ಜೀವಕೋಶಗಳು ಅಡ್ಡಾದಿಡ್ಡಿಯಾಗಿ, ಕವಚ ಹರಿದಂತೆ, ಕ್ಯಾನ್ಸರಿನಂತೆಯೇ ಕಾಣಿಸುವುದುಂಟು. 1994ರಲ್ಲಿ ವರ್ಜೀನಿಯಾ ಲಿವೋಲ್ಸಿ ಮತ್ತು ಮರಿಯಾ ಮೆರಿನೋ ಇದನ್ನು ಬರೆದಿಟ್ಟರು. ಪೊಲೀಸರ ಬೂಟಿನ ಗುರುತನ್ನೇ ಕಳ್ಳನದು ಅಂತ ಹಿಡಿದ ಹಾಗೆ! ಅದಕ್ಕೇ, ಸೂಜಿ ಯಾವತ್ತು ಚುಚ್ಚಿದ್ದು ಅಂತ ಫಾರಂ ಮೇಲೆ ಬರೆದು ಕಳಿಸಿ ಅಂತ ಸರ್ಜನ್ನುಗಳಿಗೆ ನಾನು ಫೋನು ಮಾಡಿ ಕಾಟ ಕೊಡುವುದು.

ಸರಿ, ಎದುರು ಪಕ್ಷದವರ ಮಾತೂ ಕೇಳಬೇಕಲ್ಲ. ಅವರೆಲ್ಲ ಕೆಟ್ಟವರೇನಲ್ಲ, ಕೆಲವರು ನನ್ನ ಗೆಳೆಯರೇ.

'ಬಿಟ್ಟು, ಮುಂದೆ ಕ್ಯಾನ್ಸರ್ ಅಂತಾದರೆ ಗ್ರಾಹಕರ ಕೋರ್ಟಿಗೆ ಬರುವವರು ಇದೇ ಜನ' ಅಂತಾರೆ. ನಿಜ. ಆದರೆ ಬಿಡಿ ಅಂತ ಯಾರು ಹೇಳಿದರು? ಐದನೇ ದರ್ಜೆ ಬಂದಾಗ ಗಂಟಿರುವ ರೆಕ್ಕೆ ತೆಗೆಯಿರಿ. ಎಚ್‌ಟಿಟಿಯನ್ನೂ ನಿಫ್ಟ್‌ಪಿಯನ್ನೂ ಖಚಿತವಾಗಿ ಹೇಳಲು ಪೂರ್ತಿ ಗೆಡ್ಡೆ ಬೇಕೇಬೇಕು, ಅದನ್ನು ನಾನೇ ಮೇಲೆ ಹೇಳಿದ್ದೇನೆ. ಒಂದು ರೆಕ್ಕೆ ತೆಗೆದರೆ ಪರೀಕ್ಷೆಯೂ ಆಯಿತು, ಗೆಡ್ಡೆಯೂ ಹೋಯಿತು. ಇನ್ನೊಂದು ರೆಕ್ಕೆ ಏನು ಪಾಪ ಮಾಡಿತ್ತು ಅನ್ನುವುದಷ್ಟೇ ನನ್ನ ಪ್ರಶ್ನೆ.

'ಆಮೇಲೆ ಕ್ಯಾನ್ಸರ್ ಅಂತ ಬಂದರೆ ಎರಡನೇ ಸಲ ಕೊಯ್ಯಬೇಕು, ಬಡವರು, ಎರಡು ಸಲ ಎಲ್ಲಿಂದ ದುಡ್ಡು ತರ್ತಾರೆ?' ಇದು ಇದ್ದದ್ದರಲ್ಲಿ ಗಟ್ಟಿ ವಾದ. ಹಳ್ಳಿಯಿಂದ ಎರಡು ಬಸ್ಸು ಬದಲಾಯಿಸಿ ಬರುವವರ ಕಷ್ಟ ನನಗೂ ಗೊತ್ತು. ಆದರೆ 2015ರ ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್ನಿನ ಮಾರ್ಗಸೂಚಿ ಏನು ಹೇಳುತ್ತೆ ನೋಡಿ. ಕ್ಯಾನ್ಸರೇ ಆಗಿದ್ದರೂ, ನಾಲ್ಕು ಸೆಂಟಿಮೀಟರಿನೊಳಗಿದ್ದು, ಗ್ರಂಥಿಯ ಹೊರಗೆ ಹರಡಿರದಿದ್ದರೆ, ಒಂದು ರೆಕ್ಕೆ ತೆಗೆದರೆ ಸಾಕಾಗಬಹುದು. ಅಂದಮೇಲೆ ಎರಡನೇ ಆಪರೇಷನ್ ಬೇಕಾಗುವುದು ಎಷ್ಟು ಜನರಿಗೆ? ಆ ಕೆಲವರನ್ನು ಉಳಿಸಲು ಉಳಿದವರೆಲ್ಲರ ಥೈರಾಯ್ಡ್ ತೆಗೆಯಬೇಕಾ? ಜೀವನಪೂರ್ತಿ ಮಾತ್ರೆ, ವರ್ಷಕ್ಕೆರಡು ಸಲ ರಕ್ತ ಪರೀಕ್ಷೆ, ಇದಕ್ಕೂ ಅದೇ ಬಡವರ ಜೇಬಿನಿಂದಲೇ ಅಲ್ವಾ ದುಡ್ಡು ಹೋಗುವುದು?

ಜಪಾನಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಕೋಬೆಯ ಕುಮಾ ಆಸ್ಪತ್ರೆಯಲ್ಲಿ ಅಕಿರಾ ಮಿಯಾವುಚಿಯವರ ಸಲಹೆಯಂತೆ 1993ರಿಂದ, ಒಂದು ಸೆಂಟಿಮೀಟರಿನೊಳಗಿನ, ಹರಡಿರದ ಪ್ಯಾಪಿಲರಿ ಕ್ಯಾನ್ಸರನ್ನು ಕೊಯ್ಯದೆ ಸುಮ್ಮನೆ ಗಮನಿಸುತ್ತಾ ಬಂದರು. ಅನುಮಾನದ ಗಂಟಲ್ಲ, ಕ್ಯಾನ್ಸರ್ ಅಂತ ಗೊತ್ತಿದ್ದ ಗಂಟು! 1,235 ಜನರ ಲೆಕ್ಕ 2014ರಲ್ಲಿ ಬಂತು. ಹತ್ತು ವರ್ಷದಲ್ಲಿ ಗಂಟು ಮೂರು ಮಿಲಿಮೀಟರಾದರೂ ಬೆಳೆದದ್ದು 8 ಪ್ರತಿಶತ, ಲಿಂಫ್ ಗ್ರಂಥಿಗೆ ಹೋದದ್ದು 3.8 ಪ್ರತಿಶತ. ಅದರಿಂದ ಸತ್ತವರು ಯಾರೂ ಇಲ್ಲ. ನಾವಿಲ್ಲಿ ಎಂಟು ದಿನ ಕಾಯಲಾರದೆ ಕತ್ತಿ ಹಿಡಿಯುತ್ತೇವೆ.

ಹಾಗಂತ ನನ್ನ ಮಾತು ಕೇಳಿ ಗಂಟು ಮುಚ್ಚಿಕೊಂಡು ಮನೆಯಲ್ಲಿ ಕೂತೀರಿ ಜೋಕೆ! ಗಂಟು ವಾರ ವಾರಕ್ಕೆ ದೊಡ್ಡದಾಗುತ್ತಿದ್ದರೆ, ಧ್ವನಿ ಒಡೆದರೆ, ನುಂಗಲು ಕಷ್ಟವಾದರೆ, ಕುತ್ತಿಗೆಯ ಬದಿಯಲ್ಲಿ ಬೇರೆ ಗಡ್ಡೆ ಸಿಕ್ಕರೆ, ಮನೆಯಲ್ಲಿ ಯಾರಿಗಾದರೂ ಮೆಡ್ಯುಲರಿ ಕ್ಯಾನ್ಸರ್ ಆಗಿದ್ದರೆ, ಮಕ್ಕಳಲ್ಲಿ ಗಂಟು ಬಂದರೆ, ಆ ದಾರಿಯೇ ಬೇರೆ, ತಡ ಮಾಡುವಂತಿಲ್ಲ. ಮೆಡ್ಯುಲರಿಗೆ, ಎರಡೂ ಕಡೆ ಇರುವ ಅಥವಾ ಹರಡಿರುವ ಕ್ಯಾನ್ಸರಿಗೆ ಪೂರ್ತಿ ತೆಗೆಯುವುದೇ ಸರಿ. ನಾನು ಜಗಳ ಆಡುತ್ತಿರುವುದು ಒಂದು ರೆಕ್ಕೆಯಲ್ಲಿ ಒಂಟಿಯಾಗಿ ಕೂತ, ಎಲ್ಲಿಗೂ ಹೋಗದ, ಅವಸರವೇ ಇಲ್ಲದ ಗಂಟಿನ ಪರವಾಗಿ.

ಅಂಥ ಗಂಟು ನಿಮ್ಮ ಮನೆಯವರಿಗೇ ಇದ್ದು, ರಿಪೋರ್ಟಿನಲ್ಲಿ ನಾಲ್ಕು ಅಥವಾ ಐದು ಅಂತ ಇದ್ದರೆ, ಆಪರೇಷನ್ ತಾರೀಕು ಗೊತ್ತು ಮಾಡುವ ಮೊದಲು ಸೂಜಿಯ ಸ್ಲೈಡುಗಳನ್ನು ಕೇಳಿ ಇಸ್ಕೊಳ್ಳಿ. ರಿಪೋರ್ಟಿನ ಕಾಗದ ಅಲ್ಲ, ಗಾಜಿನ ಸ್ಲೈಡು. ಅದನ್ನು ಥೈರಾಯ್ಡ್ ಜಾಸ್ತಿ ನೋಡುವ ಇನ್ನೊಬ್ಬ ಪೆಥಾಲಜಿಸ್ಟರಿಗೆ ತೋರಿಸಿ. ಸರ್ಜನ್ನರನ್ನು ನೇರವಾಗಿ ಕೇಳಿ, 'ಸಾರ್, ಒಂದು ಕಡೆ ಮಾತ್ರ ತೆಗೆದರೆ ಸಾಲದಾ? ಯಾಕೆ ಸಾಲದು?' ಅಂತ. ಕಾರಣ ಇದ್ದರೆ ಒಳ್ಳೆಯ ಸರ್ಜನ್ ಹೇಳುತ್ತಾರೆ, ಸಿಟ್ಟು ಮಾಡಿಕೊಂಡರೆ ಇನ್ನೊಬ್ಬರ ಹತ್ತಿರ ಹೋಗಿ. ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ ಮೆಡಿಕಲ್ ಕೌನ್ಸಿಲ್ಲಿನ 2002ರ ನಿಯಮದಲ್ಲೇ ಇದೆ, ಸಂಕೋಚ ಬೇಡ. ಆಪರೇಷನ್ ಆದ ಮೇಲೆ ಬ್ಲಾಕುಗಳು ಎಲ್ಲಿವೆ, ಎಷ್ಟಿವೆ ಅಂತ ಬರೆದಿಟ್ಟುಕೊಳ್ಳಿ. ಬಿಸಿಲಿಗೆ ಇಟ್ಟು ಕರಗಿಸಬೇಡಿ, ಅದು ಮೇಣ.

ಕಾಮೆಂಟಿನಲ್ಲಿ ಬೈಯುವವರು ಬೈಯಬಹುದು, ಸರ್ಜನ್ ಗೆಳೆಯರಿಗೆ ವಿಶೇಷ ಸ್ವಾಗತ. ಆದರೆ ರಿಪೋರ್ಟಿನ ಫೋಟೋ ಹಾಕಿ 'ಸಾರ್, ಇದು ಕ್ಯಾನ್ಸರಾ?' ಅಂತ ದಯವಿಟ್ಟು ಕೇಳಬೇಡಿ. ಫೋಟೋದಲ್ಲಿ ಹೆಸರು, ವಯಸ್ಸು ಎಲ್ಲ ಊರಿಗೇ ಕಾಣುತ್ತೆ. ಅಲ್ಲದೆ ಇನ್ನೊಬ್ಬರು ಬರೆದ ನಾಲ್ಕು ಸಾಲು ಓದಿ ನಾನು ಏನೂ ಹೇಳಲಾರೆ, ನನಗೆ ಗಾಜು ಬೇಕು.